ಹಳೆಯ ಜೋಡುನಳಿಗೆ ಕೋವಿ: ತುಕ್ಕನ್ನು ಉಜ್ಜದೆ ಕುದಿಸಿ ತೆಗೆಯುವ ಕ್ರಮ

ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿರುವ ಹಳೆಯ 12 ಬೋರಿನ ಕೋವಿಗಳು ಗುಂಡು ಹಾರಿಸಿ ಹಾಳಾದವಲ್ಲ. ಮಳೆಗಾಲವಿಡೀ ಚರ್ಮದ ಚೀಲದೊಳಗೆ ಕೂತು, ಇಲ್ಲವೇ ಚುನಾವಣೆ ಸಮಯ ಠಾಣೆಯಲ್ಲಿ ಠೇವಣಿ ಇಟ್ಟು ತಂದಮೇಲೆ ಎಣ್ಣೆ ಕಾಣದೆ ತುಕ್ಕು ಹಿಡಿದವು. ಇವಕ್ಕೆ ಸ್ಯಾಂಡ್‌ಪೇಪರ್ ಹಾಕಿದರೆ ತುಕ್ಕಿನ ಜೊತೆ ಮೂಲದ ಕಪ್ಪು ಬಣ್ಣ, ಕೆತ್ತಿದ ಅಕ್ಷರ, ಪ್ರೂಫ್ ಮುದ್ರೆ (ನಳಿಗೆ ಪರೀಕ್ಷೆಯಾದ ಗುರುತು) ಎಲ್ಲವೂ ಸವೆದುಹೋಗುತ್ತವೆ. ಹಾಗಾಗಿ ನಾನು ನಳಿಗೆಯನ್ನು ನೀರಿನಲ್ಲಿ ಕುದಿಸುತ್ತೇನೆ. ಕುದಿಯುವ ನೀರಿನಲ್ಲಿ ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗುತ್ತದೆ. ಕೆಳಗಿನ ಬಣ್ಣ ಉಳಿಯುತ್ತದೆ.

ಇದು ಲೈಸೆನ್ಸು ಇರುವ ಸ್ವಂತ ಕೋವಿಯ ಹೊರಮೈ ಕೆಲಸ ಮಾತ್ರ. ಲಾಕು, ಕುದುರೆ, ನಳಿಗೆಯ ನಗ್ಗು ಇವನ್ನು ಪರವಾನಗಿ ಇರುವ ಕೋವಿ ರಿಪೇರಿಯವರಿಗೇ ಕೊಡಬೇಕು. 1959ರ ಆಯುಧ ಕಾಯ್ದೆಯಂತೆ ರಿಪೇರಿಗೂ ಲೈಸೆನ್ಸು ಬೇಕು.

ಕೋವಿ ಮಡಚಿ, ತೋಟೆ ಇಲ್ಲವೆಂದು ಎರಡೂ ನಳಿಗೆ ನೋಡಿ, ಮುಂದಿನ ಮರ ಕಳಚಿ ನಳಿಗೆ ಬೇರ್ಪಡಿಸುತ್ತೇನೆ. ನಂತರ ಬುಡದ ಕೊಕ್ಕೆಗೆ ದಾರ ಕಟ್ಟಿ ತೂಗಹಾಕಿ ಬೆರಳ ಗೆಣ್ಣಿನಿಂದ ತಟ್ಟಬೇಕು. ಗಂಟೆಯಂತೆ ನಾದ ಎಳೆದುಕೊಂಡು ಹೋದರೆ ರಿಬ್ಬಿನ (ಎರಡು ನಳಿಗೆಗಳನ್ನು ಜೋಡಿಸುವ ಉದ್ದದ ಪಟ್ಟಿ) ಬೆಸುಗೆ ಗಟ್ಟಿ ಇದೆ. ಡಬ್ ಎಂದರೆ ಬೆಸುಗೆ ಬಿಟ್ಟಿದೆ, ಅಂಥದ್ದನ್ನು ಕುದಿಸಲೇಬಾರದು. ರಿಬ್ಬಿನ ಅಡಿಗೆ ನುಗ್ಗಿದ ನೀರು ಹೊರಬರದೆ ಒಳಗಿಂದಲೇ ತಿನ್ನುತ್ತದೆ.

ಚಿಮಿಣಿ ಎಣ್ಣೆಯಲ್ಲಿ ಜಿಡ್ಡು ತೆಗೆದು, ಅಸಿಟೋನಿನಲ್ಲಿ ಒರೆಸಿ, ಆಮೇಲೆ ಕೈಗವಸು ಹಾಕಿಯೇ ಮುಟ್ಟಬೇಕು. 30 ಇಂಚಿನ ನಳಿಗೆಗೆ 3 ಅಡಿಯ ಸ್ಟೀಲು ತಗಡಿನ ದೋಣಿ ಸಾಕು. ನೀರು ಮಾತ್ರ ಮಳೆಯದ್ದೋ ಡಿಸ್ಟಿಲ್ಡ್ ನೀರೋ ಆಗಬೇಕು, ಬೋರ್‌ವೆಲ್ ನೀರಿನ ಲವಣ ಕಲೆ ಬಿಡುತ್ತದೆ. ಮಾಡಿನ ನೀರು ಬೇಡ, ಬಯಲಲ್ಲಿ ಪಾತ್ರೆ ಇಟ್ಟು ಹಿಡಿದದ್ದು ಒಳ್ಳೆಯದು. 20 ನಿಮಿಷ ಕುದಿಸಿ ಎತ್ತಿದರೆ ನಳಿಗೆ ತನ್ನ ಬಿಸಿಗೇ ಒಣಗುತ್ತದೆ. ಜಿಡ್ಡು ತೆಗೆದ 0000 ನಂಬ್ರದ, ಅಂದರೆ ತೀರಾ ಸಣ್ಣ ಎಳೆಯ ಸ್ಟೀಲ್ ವೂಲಿನಿಂದ ಮೆತ್ತಗೆ ಉಜ್ಜಿದರೆ ಮಸಿಯಂಥ ಪುಡಿ ಉದುರುತ್ತದೆ. ಕೆಂಪು ಉಳಿದರೆ ಮತ್ತೆ ಕುದಿಸಬೇಕು. ಕೊನೆಗೆ ಒಳಗೆ ಒಣಬಟ್ಟೆ ಎಳೆದು, ಬಿಸಿ ಆರುವ ಮೊದಲೇ ಒಳಹೊರಗೆ ಕೋವಿ ಎಣ್ಣೆ. ತೆಂಗಿನೆಣ್ಣೆ ಬೇಡವೇ ಬೇಡ, ಅಂಟು ಕಟ್ಟುತ್ತದೆ.

ಪೂರ್ತಿ ಹೊಸ ಬಣ್ಣ ಬೇಕೆಂದು ಕಾಸ್ಟಿಕ್ ಸೋಡಾದ ಬಿಸಿ ಬ್ಲೂಯಿಂಗಿಗೆ (ಉಕ್ಕಿಗೆ ಕಪ್ಪು ಬಣ್ಣ ಬರಿಸುವ ಕೆಲಸ) ಕೊಡಬೇಡಿ. ಒಂಟಿನಳಿಗೆಗೆ, ಪಂಪ್ ಆಕ್ಷನ್ನಿಗೆ ಅದು ನಡೆಯುತ್ತದೆ. ಜೋಡುನಳಿಗೆಯಲ್ಲಿ ಕ್ಷಾರ ಸೀಸ-ತವರದ ಬೆಸುಗೆಯನ್ನೇ ತಿಂದು ರಿಬ್ಬು ಎದ್ದುಬರುತ್ತದೆ.

ಹಿಂದಿನ ಮರದ ತಲೆಭಾಗ ಎಣ್ಣೆ ಕುಡಿದು ಕಪ್ಪಾಗಿ ಮೆತ್ತಗಾಗಿರುತ್ತದೆ. ಅಸಿಟೋನಿನಲ್ಲಿ ಕಲಸಿದ ಚಾಕ್ ಪುಡಿ ಮೆತ್ತಿ ಒಣಗಿಸಿದರೆ ಎಣ್ಣೆ ಪುಡಿಗೆ ಏರುತ್ತದೆ. ಪುಡಿ ಹಳದಿಯಾಗುವುದು ನಿಲ್ಲುವವರೆಗೆ ಮತ್ತೆ ಮತ್ತೆ ಮೆತ್ತಬೇಕು. ಮರ ನಗ್ಗಿದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ತಾಗಿಸಿದರೆ ನಾರು ಉಬ್ಬಿ ಬರುತ್ತದೆ, ಕಡಿದುಹೋಗಿದ್ದರೆ ಬಾರದು. ಕಬ್ಬಿಣ ಸೇರುವ ಅಂಚನ್ನು ಉಜ್ಜಬಾರದು; ಮರ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರ ಇರಬೇಕು. ಮೇಲೆ ಕಾಸಿದ ಅಗಸೆ ಎಣ್ಣೆ, ಅಂಗೈಯಲ್ಲಿ ತಿಕ್ಕಿ ತೀರಾ ತೆಳ್ಳಗೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ.

ಕಪಾಟಿನಲ್ಲಿ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಮರಕ್ಕೆ ಇಳಿಯದು. ಗುಂಡು ಹಾರಿಸುವ ಮೊದಲು ರಿಪೇರಿಯವರಿಂದ ನಳಿಗೆಯ ದಪ್ಪ, ಕೋಣೆಯ (ತೋಟೆ ಕೂರುವ ಜಾಗ) ಉದ್ದ ಅಳೆಸಲೇಬೇಕು: ಹಳೆಯ 65 ಮಿ.ಮೀ. ಕೋಣೆಗೆ ಇಂದಿನ 70 ಮಿ.ಮೀ. ತೋಟೆ ಅಪಾಯ.