ಅಂಜದೀಪದ ಹೆಸರಿನ ಹಿಂದೆ ಬಿದ್ದು

ಊರು, ಗುಡ್ಡ, ಹಳ್ಳ ಎಲ್ಲದರ ಹೆಸರು ಬರ್ಕೊಂಡು ಇಟ್ಕೊಳ್ಳೋ ಚಟ ನಂಗೆ. ದುಡ್ಡು ಹುಟ್ಟದ ಕೆಲಸ ಅಂತ ಮನೇಲಿ ಬೈಗುಳ ಇದ್ದೇ ಇದೆ. ಅದ್ರಲ್ಲಿ ನನ್ನ ಜಾಸ್ತಿ ಸತಾಯಿಸಿದ್ದು ಕಾರವಾರದ ಹತ್ರ ಸಮುದ್ರದಲ್ಲಿರೋ ಅಂಜದೀಪ ಅನ್ನೋ ದ್ವೀಪ. ಬಿಣಗಾ ಕಡೆಯಿಂದ ಹತ್ತಿರಾನೇ, ಆದ್ರೂ ಲೆಕ್ಕಕ್ಕೆ ಗೋವಾದ್ದು, 1961ರ ತನಕ ಪೋರ್ಚುಗೀಸರ ಕೈಲಿತ್ತಲ್ಲ ಅದಕ್ಕೆ. ಈಗ ನೇವಿ ಬೇಸ್‌ಗೆ ಸೇರಿದೆ, ನಮ್ಮಂಥವ್ರು ಕಾಲಿಡೋ ಹಾಗಿಲ್ಲ, ಹಾಗಾಗಿ ನಾನು ಮಾಡಿದ್ದೆಲ್ಲ ದಡದಲ್ಲಿ ಕೂತೇ.

ಎಲ್ರೂ ಹೇಳೋ ಅರ್ಥ, ಅಂಜು ಅಂದ್ರೆ ಐದು, ಐದು ದ್ವೀಪ. ನಾನೂ ಹಾಗೇ ಬರ್ಕೊಂಡಿದ್ದೆ. ಒಂದಿನ ಎಣಿಸೋಣ ಅಂತ ಟಾಗೋರ್ ಬೀಚಿಗೆ ಹೋದೆ. ಕೂರ್ಮಗಡ, ದೇವಗಡ, ಮದಲಿಂಗಡ ಈ ದ್ವೀಪಗಳೆಲ್ಲ ಉತ್ತರಕ್ಕೆ, ಅಂಜದೀಪ ಮಾತ್ರ ಬೈತಖೋಲ ಗುಡ್ಡದ ಆಚೆ ದಕ್ಷಿಣಕ್ಕೆ. ಯಾರನ್ನ ಕೇಳಿದ್ರೂ ಲೆಕ್ಕ ಬೇರೆ ಬೇರೆ, ಒಬ್ರು ಬಂಡೆಗಳನ್ನೂ ಸೇರಿಸಿ ಹೇಗೋ ಐದು ಮಾಡಿದ್ರು! ಆಮೇಲೆ ತಲೆಗೆ ಬಂದ ಪ್ರಶ್ನೆ, ಇಲ್ಲಿ ಐದಕ್ಕೆ ಅಂಜು ಅನ್ನೋರು ಯಾರಿದ್ದಾರೆ? ಕನ್ನಡದಲ್ಲಿ ಐದು, ತುಳುವಲ್ಲಿ ಐನ್, ಕೊಂಕಣಿಲಿ ಪಾಂಚ್. ಅಂಜು ಅನ್ನೋದು ಮಲಯಾಳದವರ ಬಾಯಲ್ಲಿ. ಹಾಬ್ಸನ್-ಜಾಬ್ಸನ್ ಅನ್ನೋ ಬ್ರಿಟಿಷ್ ಕಾಲದ ನಿಘಂಟು ತೆಗೆದು ನೋಡಿದ್ರೆ ಅಲ್ಲೂ ಅದೇ, ಮಲಯಾಳದಲ್ಲಿ ಇದನ್ನ ಐದು ದ್ವೀಪ ಅಂತ ಬಿಡಿಸ್ತಾರೆ, ಅದು ನಿಜ ಆದ್ರೆ ಹೆಸರು ಇಡೀ ಗುಂಪಿಗೆ ಸೇರಿದ್ದು ಅಂತ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿಗೆ ಬಂದು ನಿಂತಿದ್ದೂ ಕಲ್ಲಿಕೋಟೆ ಕಡೆಯಿಂದಾನೇ, ಸೋ ಮಲಬಾರಿನ ಬಾಯಿ ಮೂಲಕ ಹೆಸರು ಕಾಗದಕ್ಕೆ ಇಳಿದಿರಬಹುದು.

ಇನ್ನೊಂದು ಕಥೆ ಅಂಕೋಲೆದು. ಅಲ್ಲಿನ ಆರ್ಯಾದುರ್ಗೆ ಪೋರ್ಚುಗೀಸರ ಕಾಲದಲ್ಲಿ ಅಂಜದೀಪದಿಂದ ಎದ್ದು ಬಂದವಳು, ದ್ವೀಪದ ಹೆಸರೂ ಅವಳದ್ದೇ ಅಂತಾರೆ. ಭಕ್ತಿ ಕಥೆ ಅಂತ ಮೊದಲು ಪಕ್ಕಕ್ಕಿಟ್ಟಿದ್ದೆ, ತಪ್ಪು ಮಾಡಿದೆ. ಯಾಕಂದ್ರೆ ಸಂಸ್ಕೃತದ ಆರ್ಯ ಪ್ರಾಕೃತದಲ್ಲಿ ಅಜ್ಜ ಆಗುತ್ತೆ, ದ್ವೀಪ ದೀವ ಆಗುತ್ತೆ, ಅಜ್ಜ-ದೀವ ಅಂದ್ರೆ ಅಂಜದೀವಕ್ಕೆ ಒಂದು ಅನುಸ್ವಾರ ಅಷ್ಟೇ ದೂರ.

ಇಷ್ಟರಲ್ಲಿ ಗ್ರೀಕರು ಸಿಕ್ಕಿದ್ರು. ಟಾಲೆಮಿಯ ಭೂಗೋಳದಲ್ಲಿ ಐಗಿಡಿಯೋನ್ ಅಂತ ಒಂದು ದ್ವೀಪ, ಪೆರಿಪ್ಲಸ್ ಅನ್ನೋ ಹಳೇ ಗ್ರೀಕ್ ಕಡಲಯಾನದ ಪುಸ್ತಕದಲ್ಲೂ ಅಂಥದ್ದೇ ಹೆಸರು, ಕೆಲವು ಪಂಡಿತರು ಅದು ಅಂಜದೀಪನೇ ಅಂದಿದ್ದಾರೆ. ನಂಗೆ ರಾತ್ರಿ ನಿದ್ದೆ ಇಲ್ಲ. ಐಗಿಡಿಯಲ್ಲಿ ಅಂಜದ ಜಕಾರದ ಜಾಗಕ್ಕೆ ಗಕಾರ ಇದೆ, ಅದರ ಹಿಂದೆ ಅನುಸ್ವಾರ ಇಲ್ಲ, ಅಲ್ಲದೆ ಅಷ್ಟು ಹಿಂದೆ ಮಲಬಾರಿನ ಕಡೆ ಭಾಷೆಲಿ ಐದಕ್ಕೆ ಐಂದು ಅನ್ನೋ ಥರದ ರೂಪ, ಅಂಜು ಆಗಿದ್ದು ಆಮೇಲೆ, ಅಂದ್ರೆ ಐದರ ಕಥೆ ಮುಗೀತು, ದೇವಿ ಗೆದ್ಲು ಅಂತ ಗೆಳೆಯರಿಗೆಲ್ಲ ಫೋನ್ ಮಾಡಿ ಹೇಳಿದ್ದೂ ಆಯ್ತು. ಒಂದು ತಿಂಗಳು ಬಿಟ್ಟು ಗೊತ್ತಾಯ್ತು, ಐಗಿಡಿಯೋನ್ ಅಂದ್ರೆ ಗ್ರೀಕಲ್ಲಿ ಮೇಕೆಮರಿ! ಕೇಳಿದ ಶಬ್ದನ ತಮ್ಮ ಮಾತಿಗೆ ಬಗ್ಗಿಸಿದ್ದಾರೆ, ಒಳಗೆ ಯಾವ ಅಕ್ಷರ ಇತ್ತೋ ಅದರ ಮೇಲೆ ಭಾರ ಹಾಕೋ ಹಾಗಿಲ್ಲ. ಅದಕ್ಕಿಂತ ಮುಜುಗರದ್ದು ಏನಂದ್ರೆ, ಐಗಿಡಿ ಅಂಜದೀಪನೇ ಅನ್ನೋಕೆ ದೊಡ್ಡ ಆಧಾರನೇ ಹೆಸರಿನ ಹೋಲಿಕೆ, ಅದೇ ಹೋಲಿಕೆ ಇಟ್ಕೊಂಡು ಹೆಸರಿನ ಮೂಲ ಹೇಳಕ್ಕೆ ಹೊರಟಿದ್ದೆ ನಾನು.

ಈಗ ನೋಟ್‌ಬುಕ್ಕಲ್ಲಿ ಅರ್ಥ ಮೊದಲು ಬರೆಯಲ್ಲ. ಯಾರು ಅಂದ್ರು, ಯಾವ ಭಾಷೆಲಿ, ಯಾವ ವರ್ಷದ ಕಾಗದದಲ್ಲಿ, ಈ ಮೂರು ಮೊದಲು. ನನ್ನ ಒಲವು ಈಗಲೂ ದೇವಿ ಕಡೆ ಚೂರು ಜಾಸ್ತಿ, ಐದು ಅನ್ನೋದು ಹಳೇ ಹೆಸರಿಗೆ ಮಲಬಾರಿನವರು ಆಮೇಲೆ ಕೊಟ್ಟ ಅರ್ಥ ಇರಬೇಕು ಅನ್ಸುತ್ತೆ, ಆದ್ರೆ ಪಂದ್ಯ ಕಟ್ಟಲ್ಲ.

ಸುತ್ತಲಿನ ಬೇರೆ ಹೆಸರುಗಳಲ್ಲಿ, ಕಾರವಾರ ಅನ್ನೋದು ಪಕ್ಕದ ಕಡವಾಡ ಊರಿನ ಹೆಸರಿಂದ ಬಂದಿದ್ದು ಅನ್ನೋದ್ರಲ್ಲಿ ಅಷ್ಟು ಗಲಾಟೆ ಇಲ್ಲ. ಬೈತಖೋಲಕ್ಕೆ ಅರಬ್ಬಿ ಮೂಲ ಹೇಳ್ತಾರೆ, ಬೈತ್ ಅಂದ್ರೆ ಮನೆ ಅನ್ನೋದಷ್ಟೇ ನಂಗೆ ಅದ್ರಲ್ಲಿ ಗಟ್ಟಿ. ಸದ್ಯಕ್ಕೆ ಮದಲಿಂಗಡದ ಹಿಂದೆ ಬಿದ್ದಿದೀನಿ. ಮಧ್ಯಲಿಂಗಗಡ ಅಂತ ಬರೆಯೋರಿದ್ದಾರೆ, ಅದನ್ನ ಓದಿದ್ರೆ ಶಿವಲಿಂಗ ಕಾಣುತ್ತೆ. ಮದಲಿಂಗ ಅಂದ್ರೆ ಕನ್ನಡದಲ್ಲಿ ಮದುವೆ ಗಂಡು. ಇಬ್ಬರಲ್ಲಿ ಯಾರು ಮೊದಲು ಆ ಗುಡ್ಡ ಹತ್ತಿದ್ರೋ ಹುಡುಕ್ತಾ ಇದೀನಿ, ಹಳೇ ಮ್ಯಾಪ್ ಇದ್ದೋರು ಹೇಳಿ.