ಮಳೆಯ ಲೆಕ್ಕದಿಂದ ಮಾಹಿತಿಯ ಪರೀಕ್ಷೆಗೆ: ಮಕ್ಕಳಿಗೆ ಕಲಿಸುವ ಬಗೆ

ಆರು, ಏಳು ಮತ್ತು ಎಂಟನೇ ತರಗತಿಯ ಮಕ್ಕಳಿಗೆ ಪುಸ್ತಕ, ಪತ್ರಿಕೆ, ವಿಡಿಯೊ ಹಾಗೂ ವಾಟ್ಸ್‌ಆ್ಯಪ್ ಸಂದೇಶಗಳನ್ನು ಪರೀಕ್ಷಿಸಿ ಓದುವುದನ್ನು ಕಲಿಸಬೇಕೆಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ತರಗತಿಯಲ್ಲಿ ಅದು ಬಹುಮಟ್ಟಿಗೆ ‘ಕಂಡದ್ದನ್ನೆಲ್ಲ ನಂಬಬೇಡಿ’ ಎಂಬ ಬುದ್ಧಿಮಾತಿನಲ್ಲೇ ಮುಗಿದುಹೋಗುತ್ತದೆ. ಏನನ್ನೂ ನಂಬದ ಮಗುವಿಗೂ ಎಲ್ಲವನ್ನೂ ನಂಬುವ ಮಗುವಿಗೂ ಸರಿ ತಪ್ಪನ್ನು ಬೇರ್ಪಡಿಸುವ ದಾರಿ ತಿಳಿದಿರುವುದಿಲ್ಲ. ಆದ್ದರಿಂದ ಮಕ್ಕಳು ತಾವೇ ಅಳೆದು, ತಾವೇ ತಾಳೆ ನೋಡಬಹುದಾದ ವಿಷಯದಿಂದ ಪಾಠವನ್ನು ಆರಂಭಿಸಬೇಕು. ಕೊಡಗಿನಲ್ಲಿ ಅಂಥ ವಿಷಯವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಮಳೆಯೇ ಇದೆ.

ಮೊದಲ ಹಂತವಾಗಿ ಮಕ್ಕಳಿಂದ ಒಂದು ವಾರದ ಮಳೆಯ ಲೆಕ್ಕ ತರಿಸಿ. ಕಾಫಿ ತೋಟದ ಮನೆಗಳಲ್ಲಿ ಮಳೆಮಾಪಕ ಇಟ್ಟು, ದಿನದ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಡೈರಿಗೆ ಬರೆದಿಡುವ ರೂಢಿಯಿದೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಮಾಪಕ ಇಲ್ಲದ ಕಡೆ ಚಪ್ಪಟೆ ತಳದ, ನೇರ ಬದಿಯ ಡಬ್ಬಿಯೊಂದನ್ನು ಮರದ ನೆರಳಿಲ್ಲದ ಜಾಗದಲ್ಲಿಟ್ಟು, ಸ್ಕೇಲಿನಿಂದ ಅಳೆದರೂ ಸಾಕು. ಈ ಲೆಕ್ಕವನ್ನು ಪತ್ರಿಕೆಯಲ್ಲಿ ಬಂದ ಅಂಕಿಯ ಪಕ್ಕದಲ್ಲೂ, ಹವಾಮಾನ ಇಲಾಖೆಯ ಅಂಕಿಯ ಪಕ್ಕದಲ್ಲೂ ಬರೆಸಿ. ಮೂರೂ ಒಂದೇ ಆಗಿರುವುದು ಅಪರೂಪ. ಆಗ ಮಕ್ಕಳು ‘ಯಾರದ್ದು ಸುಳ್ಳು?’ ಎಂದು ಕೇಳುತ್ತಾರೆ. ಅಲ್ಲಿಯೇ ಪಾಠ ಶುರುವಾಗುತ್ತದೆ.

ಇಲಾಖೆ ಮಿಲಿಮೀಟರಿನಲ್ಲಿ ಬರೆಯುತ್ತದೆ. ಒಂದು ಇಂಚು 25.4 ಮಿಲಿಮೀಟರ್. ಇಲಾಖೆಯ ಮಳೆದಿನವು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಇರುವುದರಿಂದ, ‘ಇಂದಿನ ಮಳೆ’ ಎಂದು ಅಚ್ಚಾದದ್ದರಲ್ಲಿ ಹೆಚ್ಚಿನ ಪಾಲು ನಿನ್ನೆ ಸುರಿದದ್ದಾಗಿರುತ್ತದೆ. ಇನ್ನು ಭಾಗಮಂಡಲದಲ್ಲಿ ಧಾರಾಕಾರವಾಗಿ ಹೊಯ್ಯುವ ದಿನವೇ ಕುಶಾಲನಗರದಲ್ಲಿ ಬಟ್ಟೆ ಒಣಗುವಷ್ಟು ಬಿಸಿಲಿರಬಹುದು. ಹಾಗಿರುವಾಗ ಜಿಲ್ಲೆಯ ಸರಾಸರಿ ಎಂಬ ಒಂದೇ ಅಂಕಿ ಎರಡೂ ಊರುಗಳ ಸ್ಥಿತಿಯನ್ನು ಹೇಳಲಾರದು. ಮೂರೂ ಲೆಕ್ಕಗಳು ಸರಿಯಿದ್ದು, ಆದರೂ ಬೇರೆ ಬೇರೆಯಾಗಿರಬಹುದು ಎಂಬುದು ಮಕ್ಕಳಿಗೆ ಹೊಳೆದ ಮೇಲೆ, ಯಾರು ಹೇಳಿದರು, ಎಲ್ಲಿಯದನ್ನು ಹೇಳಿದರು, ಯಾವಾಗಿನದು, ಹೇಗೆ ತಿಳಿಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯಿರಿ. ಮುಂದಿನ ಪಾಠಗಳಿಗೆಲ್ಲ ಇವೇ ಸಾಕು.

ಎರಡನೆಯ ಹಂತಕ್ಕೆ ಮಕ್ಕಳಿಗೆ ಬಹಳ ಬೇಕಾದ ದಾಖಲೆಯನ್ನೇ ಎತ್ತಿಕೊಳ್ಳಿ: ‘ನಾಳೆ ಶಾಲೆಗೆ ರಜೆ’ ಎಂಬ ಸಂದೇಶ. ಮೊಬೈಲಿನಲ್ಲಿ ಬಂದ ಆದೇಶದ ಚಿತ್ರದಲ್ಲಿ ದಿನಾಂಕ, ವಾರ, ಆದೇಶದ ಸಂಖ್ಯೆ, ಸಹಿ, ಯಾವ ತಾಲ್ಲೂಕಿಗೆ ಅನ್ವಯ ಎಂಬುದನ್ನು ಬೆರಳಿಟ್ಟು ಓದಿಸಿ. ದಿನಾಂಕಕ್ಕೂ ವಾರಕ್ಕೂ ತಾಳೆಯಾಗದಿದ್ದರೆ ಅದು ಹಳೆಯ ಆದೇಶವನ್ನು ತಿದ್ದಿದ್ದಿರಬಹುದು. ಅನಂತರ ಜಿಲ್ಲಾಡಳಿತದ ಅಧಿಕೃತ ಪ್ರಕಟಣೆಯನ್ನು ನೋಡಬೇಕು, ಇಲ್ಲವೇ ಮುಖ್ಯೋಪಾಧ್ಯಾಯರನ್ನು ಕೇಳಬೇಕು. ಇದೇ ರೀತಿ 2018ರ ಆಗಸ್ಟಿನ ಭೂಕುಸಿತದ ಚಿತ್ರವೊಂದನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ, ಅದು ಮೊದಲು ಎಂದು ಪ್ರಕಟವಾಯಿತೆಂದು ಹುಡುಕಿಸಬಹುದು. ಆ ವರ್ಷ ಮನೆ ಕಳೆದುಕೊಂಡ ಕುಟುಂಬದ ಮಕ್ಕಳು ತರಗತಿಯಲ್ಲಿದ್ದರೆ ಈ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ, ಬೇರೆ ಚಿತ್ರ ಬೇಕಾದಷ್ಟು ಸಿಗುತ್ತದೆ.

ಮೂರನೆಯದು, ಪುಟವನ್ನು ಬಿಟ್ಟು ಹೊರಗೆ ಬಂದು ನೋಡುವ ಅಭ್ಯಾಸ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಅವರು ಇತಿಹಾಸದ ವಿದ್ವಾಂಸರು, ಕಾಲೇಜು ವಿದ್ಯಾರ್ಥಿಗಳು ಮತ್ತು ವೃತ್ತಿಪರ ಸುದ್ದಿ ಪರಿಶೀಲಕರು ಅಪರಿಚಿತ ಜಾಲತಾಣಗಳನ್ನು ಹೇಗೆ ಓದುತ್ತಾರೆಂದು ಗಮನಿಸಿದರು. ಮೊದಲಿನ ಎರಡು ಗುಂಪಿನವರಲ್ಲಿ ಅನೇಕರು ಅದೇ ಪುಟದೊಳಗೆ ಉಳಿದು ಅದರ ಅಂದಕ್ಕೆ, ಲಾಂಛನಕ್ಕೆ ಮರುಳಾದರೆ, ಪರಿಶೀಲಕರು ಬೇಗನೆ ಹೊರಬಂದು ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳಿದ್ದಾರೆಂದು ಹುಡುಕಿದರು. ನಮ್ಮ ಮಕ್ಕಳು ಇದನ್ನು ಭೂಕಂಪದ ಸುದ್ದಿಯಲ್ಲಿ ಮಾಡಿ ನೋಡಲಿ. 2022ರ ಜೂನ್, ಜುಲೈನಲ್ಲಿ ಕೊಡಗು ಹಾಗೂ ಸುಳ್ಯದ ಗಡಿಭಾಗದಲ್ಲಿ ಭೂಮಿ ಹಲವು ಸಲ ಕಂಪಿಸಿತ್ತು. ಅದರ ಕೇಂದ್ರ, ವೇಳೆ, ತೀವ್ರತೆಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿಯಲ್ಲಿ ಹುಡುಕಿಸಿ. ‘ಇಂದು ರಾತ್ರಿ ಇಷ್ಟು ಗಂಟೆಗೆ ಭೂಕಂಪ’ ಎಂಬ ಸಂದೇಶ ಬಂದರೆ, ಕಳುಹಿಸಿದವರು ಯಾರೇ ಆಗಿರಲಿ, ಅದು ಸುಳ್ಳು. ಗಂಟೆ ಹೇಳಿ ಭೂಕಂಪವನ್ನು ಮುಂಚಿತವಾಗಿ ತಿಳಿಸುವ ವಿದ್ಯೆ ಇಂದಿಗೂ ವಿಜ್ಞಾನಕ್ಕೆ ಸಿಕ್ಕಿಲ್ಲ.

ಪುಸ್ತಕದ ಪರೀಕ್ಷೆ ಇನ್ನೂ ಸ್ವಾರಸ್ಯಕರ. ಶಾಲೆಯ ಕಪಾಟಿನಿಂದ ಕೊಡಗಿನ ಪರಿಚಯದ ಹಳೆಯ ಪುಸ್ತಕವೊಂದನ್ನು ತೆಗೆದರೆ, ಜಿಲ್ಲೆಯಲ್ಲಿ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂಬ ಮೂರು ತಾಲ್ಲೂಕುಗಳಿವೆ ಎಂದಿರುತ್ತದೆ. ಪೊನ್ನಂಪೇಟೆ, ಕುಶಾಲನಗರ ಸೇರಿ ಈಗ ಐದು. ‘ಪುಸ್ತಕ ತಪ್ಪು’ ಎಂದು ಮಕ್ಕಳು ಕೂಗುವ ಮೊದಲು ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮುದ್ರಣದ ವರ್ಷ, ಪ್ರಕಾಶಕರು, ಎಷ್ಟನೆಯ ಆವೃತ್ತಿ ಎಂಬುದನ್ನು ಓದಿಸಿ. ಬರೆದ ಕಾಲಕ್ಕೆ ಅದು ಸರಿ, ಇಂದಿನ ಪರೀಕ್ಷೆಗೆ ತಪ್ಪು. ಅದೇ ಪುಟದಲ್ಲಿರುವ, ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯಲ್ಲಿ 2007ರಿಂದೀಚೆಗೆ 13 ಅಂಕಿಗಳಿರುತ್ತವೆ. ಅವುಗಳನ್ನು ಮೊದಲ ಅಂಕಿಯಿಂದ ಆರಂಭಿಸಿ 1, 3, 1, 3 ಎಂದು ಒಂದಾದ ಮೇಲೊಂದರಂತೆ ಗುಣಿಸಿ ಕೂಡಿದರೆ ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಮಕ್ಕಳು ಈ ಲೆಕ್ಕವನ್ನು ಉತ್ಸಾಹದಿಂದ ಮಾಡುತ್ತಾರೆ, ಆದರೆ ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ಒಳಗಿನ ಬರಹ ಸರಿಯೆಂದಾಗದು ಎಂಬುದನ್ನೂ ಹೇಳಬೇಕು.

ಎಂಟನೇ ತರಗತಿಗೆ ಬಂದಾಗ ಉದ್ದೇಶದ ಪ್ರಶ್ನೆಯನ್ನು ಸೇರಿಸಬಹುದು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡಿತು. ಪದಚ್ಯುತನಾದ ಚಿಕ್ಕವೀರರಾಜೇಂದ್ರನ ಬಗ್ಗೆ ಕಂಪನಿಯ ಕಡೆಯವರು ಬರೆದದ್ದನ್ನು ಓದುವಾಗ, ರಾಜ್ಯ ಕಿತ್ತುಕೊಂಡವರಿಗೆ ಅರಸನನ್ನು ಕೆಟ್ಟವನೆಂದು ತೋರಿಸುವ ಅಗತ್ಯವಿತ್ತೇ ಎಂದು ಕೇಳಬೇಕು. ಹಾಗೆ ಕೇಳುವುದೆಂದರೆ ಅರಸ ಒಳ್ಳೆಯವನೆಂದು ತೀರ್ಮಾನಿಸುವುದಲ್ಲ. ಕಾಳುಮೆಣಸಿನ ಸೊರಗು ರೋಗಕ್ಕೆ ‘ಖಚಿತ ಮದ್ದು’ ತೋರಿಸುವ ವಿಡಿಯೊಗೂ ಇದೇ ಪ್ರಶ್ನೆ: ಕೊನೆಯಲ್ಲಿ ಮಾರಾಟದ ಫೋನ್ ನಂಬರ್ ಇದೆಯೇ? ಇದ್ದರೆ ಅಪ್ಪಂಗಳದ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಮನೆಯ ಹಿರಿಯರು ಒಮ್ಮೆ ವಿಚಾರಿಸಲಿ.

ಅಂಕ ಕೊಡುವಾಗ ‘ಸರಿ’, ‘ತಪ್ಪು’ ಎಂಬ ಉತ್ತರಕ್ಕಿಂತ ಅದನ್ನು ಕಂಡುಕೊಂಡ ದಾರಿಗೆ ಹೆಚ್ಚು ಅಂಕವಿರಲಿ. ‘ಎರಡು ಕಡೆ ನೋಡಿದೆ, ಮೂರನೆಯದು ಸಿಗಲಿಲ್ಲ, ಆದ್ದರಿಂದ ಈಗಲೇ ಹೇಳಲಾರೆ’ ಎಂದು ಬರೆದ ಮಗುವಿಗೆ ಪೂರ್ಣ ಅಂಕ ಸಲ್ಲಬೇಕು. ನೆಟ್‌ವರ್ಕ್ ಸಿಗದ ಊರುಗಳ ಶಾಲೆಗಳು ಹುಡುಕಾಟದ ಪಾಠಗಳನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ನಡೆಸಬಹುದು. ಮಳೆ ಮತ್ತು ಪುಸ್ತಕದ ಪಾಠಗಳಿಗೆ ಮೊಬೈಲೇ ಬೇಡ.