ದಾರ್ಜಿಲಿಂಗ್‌ಗೆ ಆರು ಜನ: ಕಡಿಮೆ ದರದ ವಿಮಾನ ಆರಿಸಿದ ನನ್ನ ಲೆಕ್ಕ

ಹೋದ ಏಪ್ರಿಲ್ ಕೊನೆಯಲ್ಲಿ ನಾವು ಮೈಸೂರಿನಿಂದ ದಾರ್ಜಿಲಿಂಗ್‌ಗೆ ಹೋಗಿ ಬಂದೆವು. ನಾನು, ಯಜಮಾನರು, ಅತ್ತೆ, ಮಾವ, ಒಂಬತ್ತು ವರ್ಷದ ಮಗ, ಇನ್ನೂ ಎರಡು ತುಂಬದ ಮಗಳು. ಅತ್ತೆಗೆ ಎರಡೂ ಮಂಡಿ ನೋವು. ಮಾವನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ಟಿಕೆಟ್ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಜನವರಿಯಲ್ಲಿ ಹತ್ತು ದಿನ, ರಾತ್ರಿ ಪಾತ್ರೆ ತೊಳೆದಾದ ಮೇಲೆ, ಮಗನ ಹಳೇ ನೋಟ್‌ಬುಕ್ ಹಿಡಿದು ಕೂತಿದ್ದೆ.

ಇಷ್ಟು ಹಟ ಹಿಡಿಯಲು ಕಾರಣ ಮೂರು ವರ್ಷದ ಹಿಂದಿನ ಜೈಪುರ ಪ್ರವಾಸ. ಆಗ ಮೊಬೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಕಂಡ, ಎಲ್ಲಕ್ಕಿಂತ ಅಗ್ಗದ ಟಿಕೆಟ್ ತೆಗೆದುಕೊಂಡಿದ್ದೆವು. ಕೌಂಟರಿಗೆ ಹೋದ ಮೇಲೆ ಗೊತ್ತಾಯಿತು, ಆ ದರದಲ್ಲಿ ಚೆಕ್-ಇನ್ ಬ್ಯಾಗ್ ಸೇರಿರಲಿಲ್ಲ. ಉಳಿಸಿದ್ದ ದುಡ್ಡಿಗಿಂತ ಜಾಸ್ತಿ ಅಲ್ಲೇ ಕಟ್ಟಿದೆವು. ಅದಾದರೂ ಹೋಗಲಿ. ಸೀಟು ನಾಲ್ಕು ಕಡೆ ಹಂಚಿಹೋಗಿತ್ತು. ನಾನು ಆರನೇ ಸಾಲು, ಆರು ವರ್ಷದ ಮಗ ಇಪ್ಪತ್ತೊಂದನೇ ಸಾಲು. ಅವನ ಅಳು ನನಗೆ ಕೇಳಿಸುತ್ತಿತ್ತು, ಎದ್ದು ಹೋಗಲು ಆಗುತ್ತಿರಲಿಲ್ಲ. ಕೊನೆಗೆ ಪುಣ್ಯಾತ್ಮರೊಬ್ಬರು ತಾವಾಗಿ ಸೀಟು ಬಿಟ್ಟುಕೊಟ್ಟರು. ಆವತ್ತೇ ತೀರ್ಮಾನ ಮಾಡಿದೆ, ಇನ್ನೊಂದು ಸಲ ಟಿಕೆಟ್ ನೋಡುವಾಗ ಮನೆಯಲ್ಲಿ ಯಾರಿಗೆ ಪ್ರಯಾಣ ಹೆಚ್ಚು ಕಷ್ಟವೋ ಅವರಿಂದಲೇ ಶುರು ಮಾಡಬೇಕು ಅಂತ.

ಅದಕ್ಕೇ ಈ ಸಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೂ ದರ ಬರೆಯಲಿಲ್ಲ. ಅತ್ತೆಗೆ ಏನು ಬೇಕು, ಮಗುವಿಗೆ ಏನು ಬೇಕು, ಮಾವನ ಊಟ ಯಾವ ಹೊತ್ತಿಗೆ, ಇಷ್ಟೇ ಬರೆದೆ. ಆಮೇಲೆ ಒಂದು ಸಾಲು ಸೇರಿಸಿದೆ: ದಾರ್ಜಿಲಿಂಗ್‌ನ ಕೋಣೆ ಸೇರುವಾಗ ಬೆಳಕಿರಬೇಕು.

ಈ ಕೊನೆಯ ಸಾಲೇ ಅರ್ಧ ಕೆಲಸ ಮುಗಿಸಿತು. ದಾರ್ಜಿಲಿಂಗ್‌ಗೆ ವಿಮಾನ ಹೋಗುವುದಿಲ್ಲ. ಬೆಟ್ಟದ ಬುಡದ ಬಾಗ್ಡೋಗ್ರಾದಲ್ಲಿ ಇಳಿದು, ಸುಮಾರು 70 ಕಿಲೋಮೀಟರ್ ಘಾಟಿ ಹತ್ತಬೇಕು. ಮೂರರಿಂದ ಮೂರೂವರೆ ಗಂಟೆಯ ದಾರಿ. ಅದು ಪೂರ್ವದ ಕಡೆ ಇರುವುದರಿಂದ ಅಲ್ಲಿ ನಮಗಿಂತ ಬೇಗ ಹೊತ್ತು ಮುಳುಗುತ್ತದೆ. ಏಪ್ರಿಲ್ ಕೊನೆಯಲ್ಲೂ ಸಂಜೆ ಆರು ದಾಟುತ್ತಿದ್ದಂತೆ ಕತ್ತಲು. ಇನ್ನೊಂದು ವಿಷಯ, ನಮ್ಮಲ್ಲಿ ಮಾವಿನ ಮಳೆ ಬರುವ ಕಾಲಕ್ಕೆ ಬಂಗಾಳದಲ್ಲಿ ಕಾಲ್‌ಬೈಶಾಖಿ ಅನ್ನುವ ಗುಡುಗು ಗಾಳಿ ಮಳೆ ಬರುತ್ತದೆ. ಅದು ಹೆಚ್ಚಾಗಿ ಬರುವುದು ಮಧ್ಯಾಹ್ನ ಇಳಿದ ಮೇಲೆ, ಸಂಜೆಗೆ. ಹಾಗಾಗಿ ಮಧ್ಯಾಹ್ನ ಎರಡರೊಳಗೆ ಬಾಗ್ಡೋಗ್ರಾ ಮುಟ್ಟದ ವಿಮಾನ ಎಷ್ಟೇ ಅಗ್ಗವಾಗಿದ್ದರೂ ಬೇಡ ಅಂತ ಗೆರೆ ಎಳೆದೆ.

ಬೆಂಗಳೂರಿನಿಂದ ಆ ದಾರಿಗೆ ನಾನು ನೋಡಿದ್ದು ಇಂಡಿಗೋ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಸಾ. ಮೂರರಲ್ಲೂ ಮಾಮೂಲಿ ದರಕ್ಕೆ ತಲೆಗೆ 15 ಕಿಲೋ ಚೆಕ್-ಇನ್ ಬ್ಯಾಗ್, 7 ಕಿಲೋ ಕೈಚೀಲ. ಆದರೆ ಈಗ ಬ್ಯಾಗ್ ಇಲ್ಲದ ದರಗಳೂ ಇವೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನವರು ಅದನ್ನು ಲೈಟ್ ಅಂತ ಕರೆಯುತ್ತಾರೆ. ಎರಡು ದಿನದ ಕೆಲಸಕ್ಕೆ ಒಬ್ಬರೇ ಹೋಗುವವರಿಗೆ ಅದು ತುಂಬ ಒಳ್ಳೆಯದು. ಸ್ವೆಟರ್, ಶಾಲು, ಮಗುವಿನ ಬಟ್ಟೆ ಹೊತ್ತು ಚಳಿಯ ಊರಿಗೆ ಹೋಗುವ ಸಂಸಾರಕ್ಕೆ ಆಗದು. ಮೊಬೈಲಿನ ಪಟ್ಟಿಯಲ್ಲಿ ಎರಡೂ ಒಂದರ ಕೆಳಗೊಂದು ಬರುತ್ತವೆ, ಮೋಸ ಹೋಗುವುದು ಅಲ್ಲೇ. ದರದ ಪಕ್ಕ ಬ್ಯಾಗಿನ ಚಿತ್ರ ಇದೆಯಾ ಅಂತ ಮೊದಲು ನೋಡಿ.

ಹೋಗುವಾಗಿನ ನನ್ನ ಲೆಕ್ಕ ಹೀಗಿತ್ತು. ಮಗಳು ತೊಡೆಯ ಮೇಲೆ, ಸೀಟು ಐದು. ಕೋಲ್ಕತ್ತಾದಲ್ಲಿ ಇಳಿದು ಹತ್ತುವ ವಿಮಾನಕ್ಕೆ ತಲೆಗೆ 5,600, ಐವರಿಗೆ 28,000. ಎಲ್ಲಕ್ಕಿಂತ ಅಗ್ಗ. ಆದರೆ ಬಾಗ್ಡೋಗ್ರಾ ಮುಟ್ಟುವುದು ಸಂಜೆ ಐದೂವರೆಗೆ. ಅಂದರೆ ಪಕ್ಕದ ಊರು ಸಿಲಿಗುರಿಯಲ್ಲಿ ಎರಡು ಕೋಣೆ, ಒಂದು ರಾತ್ರಿಯ ಊಟ, ದಾರ್ಜಿಲಿಂಗ್‌ನಲ್ಲಿ ಒಂದು ದಿನ ಕಡಿಮೆ. ನನ್ನ ಗೆರೆಯ ಆಚೆ, ಹೊಡೆದುಹಾಕಿದೆ. ಎರಡನೆಯದು ಬೆಳಗಿನ ಜಾವ 5:45ರ ನೇರ ವಿಮಾನ, ಬ್ಯಾಗ್ ಇಲ್ಲದ ದರ, 6,100ರಂತೆ 30,500. ಮೂರು ಬ್ಯಾಗಿಗೆ ಮುಂಚಿತವಾಗಿ 1,400ರಂತೆ ಸೇರಿಸಿದರೆ 34,700. ಮೂರನೆಯದು 10:20ರ ನೇರ ವಿಮಾನ, ಬ್ಯಾಗ್ ಸೇರಿ 7,050ರಂತೆ 35,250.

ಪಟ್ಟಿಯಲ್ಲಿ ಇವೆರಡರ ಮಧ್ಯೆ ತಲೆಗೆ 950 ರೂಪಾಯಿ ಅಂತರ ಕಾಣುತ್ತಿತ್ತು. ಲೆಕ್ಕ ಮುಗಿದಾಗ ಉಳಿದದ್ದು ಎಲ್ಲರಿಗೂ ಸೇರಿ 550. ಆ 550ಕ್ಕೆ ಅತ್ತೆ, ಮಾವ, ಮಗುವನ್ನು ರಾತ್ರಿ ಎರಡೂವರೆಗೆ ಎಬ್ಬಿಸಬೇಕಿತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಇದು ನನಗೆ ಆರನೇ ದಿನ ಹೊಳೆದದ್ದು. 10:20ರ ವಿಮಾನಕ್ಕೆ ಒಬ್ಬರಿಗೆ ಅಂತ ಹುಡುಕಿದರೆ 6,650 ತೋರಿಸುತ್ತಿತ್ತು. ಐವರಿಗೆ ಅಂತ ಹುಡುಕಿದರೆ 7,050. ಮೊದಲು ಏನೋ ತಪ್ಪಾಗಿದೆ ಅಂದುಕೊಂಡೆ. ವಿಷಯ ಇಷ್ಟೇ: ಒಂದೊಂದು ದರಕ್ಕೂ ಕಂಪನಿ ಇಂತಿಷ್ಟು ಸೀಟು ಅಂತ ಇಟ್ಟಿರುತ್ತದೆ. ಅಗ್ಗದ ದರದಲ್ಲಿ ಎರಡೇ ಸೀಟು ಉಳಿದಿದ್ದು ನೀವು ಐದು ಕೇಳಿದರೆ, ಐದೂ ಸಿಗುವ ಮೇಲಿನ ದರವನ್ನೇ ಐವರಿಗೂ ಹಾಕುತ್ತದೆ. ಎರಡು ಬೇರೆ, ಮೂರು ಬೇರೆ ಬುಕ್ ಮಾಡಿದ್ದರೆ 800 ರೂಪಾಯಿ ಉಳಿಯುತ್ತಿತ್ತು. ನಾನು ಮಾಡಲಿಲ್ಲ. ಬೇರೆ ಬೇರೆ ಬುಕ್ ಮಾಡಿದರೆ ಪಿಎನ್‌ಆರ್, ಅಂದರೆ ಬುಕಿಂಗ್ ನಂಬರ್, ಎರಡಾಗುತ್ತದೆ. ವಿಮಾನ ರದ್ದಾದರೆ ಅತ್ತೆ ಮಾವನನ್ನು ಒಂದು ವಿಮಾನಕ್ಕೂ ನಮ್ಮನ್ನು ಇನ್ನೊಂದಕ್ಕೂ ಹಾಕಿಬಿಡಬಹುದು. ಇಬ್ಬರೇ ಗಟ್ಟಿಮುಟ್ಟಾದವರು ಹೋಗುವುದಾದರೆ ಖಂಡಿತ ಹಾಗೆ ಉಳಿಸಿ. ವಯಸ್ಸಾದವರಿದ್ದರೆ ಬೇಡ.

ಒಂದೇ ಪಿಎನ್‌ಆರ್ ಇದ್ದರೆ ಮಕ್ಕಳ ಸೀಟಿಗೂ ಅನುಕೂಲ. 2024ರ ಏಪ್ರಿಲ್‌ನಲ್ಲಿ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಂದು ಸೂಚನೆ ಕೊಟ್ಟಿತು. ಅದರ ಪ್ರಕಾರ 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ಅಪ್ಪ ಅಮ್ಮ ಅಥವಾ ಪಾಲಕರಲ್ಲಿ ಒಬ್ಬರ ಪಕ್ಕವೇ ಸೀಟು ಕೊಡಬೇಕು. ಜೈಪುರದ ದಿನ ಇದು ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಹೀಗಾಗಿ ಮಗನ ಸೀಟಿಗೆ ದುಡ್ಡು ಕೊಡಲಿಲ್ಲ. ಅತ್ತೆಗೆ ಮಾತ್ರ ಕಾಲು ಸ್ವಲ್ಪ ಚಾಚಲು ಆಗುವ ನಡುದಾರಿಯ ಪಕ್ಕದ ಸೀಟು ಮೊದಲೇ ತೆಗೆದಿಟ್ಟೆವು.

ಮಗಳದ್ದು ಬೇರೆಯೇ ಕಥೆ. ಅವಳಿಗೆ ಎರಡು ತುಂಬುವುದು ಏಪ್ರಿಲ್ 29ಕ್ಕೆ. ನಾವು ಹೊರಡುವುದು 26ಕ್ಕೆ, ವಾಪಸು ಮೇ 2ಕ್ಕೆ. ಎರಡು ವರ್ಷದೊಳಗಿನ ಮಗುವಿಗೆ ಸೀಟು ಬೇಡ, ಸಣ್ಣ ಶುಲ್ಕ ಕಟ್ಟಿ ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಆದರೆ ವಯಸ್ಸು ನೋಡುವುದು ಬುಕ್ ಮಾಡಿದ ದಿನದ್ದಲ್ಲ, ಪ್ರಯಾಣದ ದಿನದ್ದು. ಹಾಗಾಗಿ ಹೋಗುವಾಗ ಅವಳು ಕೂಸು, ಬರುವಾಗ ಪೂರ್ತಿ ಸೀಟಿನ ಪ್ರಯಾಣಿಕಳು. ಹೋಗಿ ಬರುವ ಟಿಕೆಟ್ ಒಟ್ಟಿಗೆ ತೆಗೆಯಲು ಹೋದರೆ ಇದು ಸರಿಹೊಂದಲಿಲ್ಲ. ಹೋಗುವುದು ಬೇರೆ, ಬರುವುದು ಬೇರೆ ಬುಕ್ ಮಾಡಿದೆ. ದೇಶದೊಳಗಿನ ಈ ವಿಮಾನಗಳಲ್ಲಿ ಎರಡೂ ಒಟ್ಟಿಗೆ ತೆಗೆದರೂ ನಾನು ನೋಡಿದಾಗ ದರ ಇಳಿಯಲಿಲ್ಲ. ಬರುವಾಗ ಬೇರೆ ಕಂಪನಿಯ ವಿಮಾನವೇ ಹೊತ್ತಿಗೆ ಸರಿಹೋಯಿತು. ಮಗುವಿನ ಜನನ ಪ್ರಮಾಣಪತ್ರ ಮರೆಯಬೇಡಿ, ಕೌಂಟರಿನಲ್ಲಿ ಕೇಳಿದರು.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ಜಾಸ್ತಿ ಹುಷಾರಾಗಿರಬೇಕು. ಮಾವನ ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಅಷ್ಟೇ. ಬುಕಿಂಗ್ ಪುಟ ಕೊನೆಯ ಹೆಸರು ಬರೆಯಲೇಬೇಕು ಅನ್ನುತ್ತದೆ, ಒಂದೇ ಅಕ್ಷರ ಹಾಕಿದರೆ ಒಪ್ಪುವುದಿಲ್ಲ. ಸುಮ್ನೆ ಊಹೆ ಮಾಡಿ ತುಂಬಬೇಡಿ. ನಾನು ಕಂಪನಿಗೆ ಫೋನ್ ಮಾಡಿ ಕೇಳಿ, ಅವರು ಹೇಳಿದಂತೆ ಬರೆದೆ.

ಕಂಪನಿಯನ್ನು ನಂಬುವುದು ಹೇಗೆ? ಮಾವ ಮೊದಲ ಸಲ ವಿಮಾನ ಹತ್ತಿದ್ದು ಏರ್ ಡೆಕ್ಕನ್‌ನಲ್ಲಿ, ಬೆಂಗಳೂರಿನ ಹಳೇ ಎಚ್‌ಎಎಲ್ ನಿಲ್ದಾಣದಿಂದ. ನಮ್ಮ ಹಾಸನ ಜಿಲ್ಲೆಯ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರುಮಾಡಿದ ಕಂಪನಿ ಅದು. ಮಧ್ಯಮ ವರ್ಗದವರಿಗೂ ವಿಮಾನ ಎಟುಕುತ್ತದೆ ಅಂತ ತೋರಿಸಿಕೊಟ್ಟದ್ದು. ಈಗಲೂ ಆ ಮಾತು ಬಂದರೆ ಮಾವನ ಮುಖ ಅರಳುತ್ತದೆ. ಅವರು ನನಗೆ ಹೇಳಿದ್ದು ಒಂದೇ ಮಾತು, "ನೋಡಮ್ಮ, ಕಂಪನಿಗಳು ಬರ್ತವೆ ಹೋಗ್ತವೆ, ದುಡ್ಡು ಕಟ್ಟುವಾಗ ನೋಡಿ ಕಟ್ಟು." ನಿಜ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ. ಎರಡೂ ಸರಿಯಾಗಿ ಬೇಸಿಗೆ ರಜೆಯ ಹೊತ್ತಿಗೆ.

ನಾನು ಎರಡು ಕೆಲಸ ಮಾಡಿದೆ. ಡಿಜಿಸಿಎ ತಿಂಗಳು ತಿಂಗಳು ಒಂದು ವರದಿ ಹಾಕುತ್ತದೆ. ಯಾವ ಕಂಪನಿ ಎಷ್ಟು ಪಾಲು ಹೊತ್ತಿಗೆ ಸರಿಯಾಗಿ ಹಾರಿತು, ಎಷ್ಟು ರದ್ದು ಮಾಡಿತು, ಹತ್ತು ಸಾವಿರ ಜನರಿಗೆ ಎಷ್ಟು ದೂರು, ಎಲ್ಲ ಅದರಲ್ಲಿದೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಹಿಂದಿನ ಆರು ತಿಂಗಳದ್ದು ಪಕ್ಕ ಪಕ್ಕ ಇಟ್ಟು ನೋಡಿದೆ. ಒಂದು ತಿಂಗಳ ಅಂಕಿ ನಂಬಬೇಡಿ, ಮಂಜಿನ ತಿಂಗಳಲ್ಲಿ ಎಲ್ಲರದ್ದೂ ಕೆಡುತ್ತದೆ. ಎರಡನೆಯದು, ಅದೇ ದಿನ ಅದೇ ಕಡೆಗೆ ಆ ಕಂಪನಿಗೆ ಇನ್ನೊಂದು ವಿಮಾನ ಇದೆಯಾ ಅಂತ ನೋಡಿದೆ. ನಮ್ಮದು ರದ್ದಾದರೆ ಹತ್ತಲು ಇನ್ನೊಂದು ಬೇಕಲ್ಲವಾ, ಕೋಲ್ಕತ್ತಾ ಸುತ್ತಿ ಹೋಗುವುದಾದರೂ ಸರಿ.

ಅತ್ತೆಗೆ ಗಾಲಿಕುರ್ಚಿ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿದೆವು. "ನಾನೇನು ರೋಗಿಯಾ?" ಅಂತ ಅತ್ತೆ ಮೊದಲು ಬೇಜಾರು ಮಾಡಿಕೊಂಡರು. ದೇವನಹಳ್ಳಿಯ ಟರ್ಮಿನಲ್‌ನಲ್ಲಿ ಬಾಗಿಲಿಂದ ಗೇಟಿನವರೆಗೆ ಎಷ್ಟು ನಡೆಯಬೇಕು ಅಂತ ಕಂಡ ಮೇಲೆ ತಾವೇ ಕೂತರು. ಕೆಲವು ಕಡೆ ವಿಮಾನಕ್ಕೆ ಹೊರಗಿನಿಂದಲೇ ಹತ್ತಬೇಕಾಗುತ್ತದೆ. ಇಂಡಿಗೋದವರು ಹಲವು ನಿಲ್ದಾಣಗಳಲ್ಲಿ ಮೆಟ್ಟಿಲಿನ ಬದಲು ಇಳಿಜಾರಿನ ರ‍್ಯಾಂಪ್ ಇಡುತ್ತಾರೆ, ಮಂಡಿ ನೋವಿನವರಿಗೆ ಅದು ದೊಡ್ಡ ಉಪಕಾರ. ಅಂದ ಹಾಗೆ ಬೆಂಗಳೂರಿನಲ್ಲಿ ಟರ್ಮಿನಲ್ ಎರಡಿದೆ. ನಿಮ್ಮದು ಯಾವುದು ಅಂತ ಟಿಕೆಟ್ ಮೇಲೆ ನೋಡಿಕೊಂಡು ಹೊರಡಿ. ವಯಸ್ಸಾದವರನ್ನು ಕರೆದುಕೊಂಡು ತಪ್ಪು ಟರ್ಮಿನಲ್‌ನಲ್ಲಿ ಇಳಿದರೆ ತುಂಬ ತೊಂದರೆ.

ಬುಕಿಂಗ್ ಮಾಡಿದ್ದು ಕಂಪನಿಯದೇ ವೆಬ್‌ಸೈಟಿನಲ್ಲಿ. ಹುಡುಕಲು ಬೇರೆ ಆ್ಯಪ್‌ಗಳು ಚೆನ್ನ. ಆದರೆ ಅಲ್ಲಿ ಕೊನೆಯ ಪುಟದಲ್ಲಿ ತಲೆಗೆ ಇಷ್ಟು ಅಂತ ಕನ್ವೀನಿಯನ್ಸ್ ಶುಲ್ಕ ಸೇರುತ್ತಿತ್ತು, ತಿಂಡಿ, ವಿಮೆ ಅಂತ ಮೊದಲೇ ಟಿಕ್ ಹಾಕಿದ್ದೂ ಇತ್ತು. ಅದಕ್ಕಿಂತ ಮುಖ್ಯ, ಏನಾದರೂ ಬದಲಾದರೆ ಮಧ್ಯೆ ಇನ್ನೊಬ್ಬರು ಇರಬಾರದು. ಇದು ನಿಜಕ್ಕೂ ಉಪಯೋಗಕ್ಕೆ ಬಂತು. ಹೊರಡಲು ಎರಡು ವಾರ ಇರುವಾಗ ವಾಪಸು ವಿಮಾನದ ಹೊತ್ತು ಬದಲಾಗಿದೆ ಅಂತ ಮೆಸೇಜ್ ಬಂತು. ಮಧ್ಯಾಹ್ನ ಎರಡರದ್ದು ಬೆಳಿಗ್ಗೆ 11ಕ್ಕೆ. ಅಂದರೆ ದಾರ್ಜಿಲಿಂಗ್‌ನಿಂದ ಐದಕ್ಕೇ ಇಳಿಯಬೇಕು. ನೇರವಾಗಿ ಫೋನ್ ಮಾಡಿ, ಅತ್ತೆಯ ವಿಷಯ ಹೇಳಿದೆ. ಹದಿನೈದು ನಿಮಿಷದಲ್ಲಿ, ಒಂದು ರೂಪಾಯಿ ಜಾಸ್ತಿ ಇಲ್ಲದೆ, ಮರುದಿನದ ಮಧ್ಯಾಹ್ನದ ವಿಮಾನಕ್ಕೆ ಬದಲಿಸಿಕೊಟ್ಟರು. ಕಂಪನಿಯೇ ಹೊತ್ತು ಬದಲಿಸಿದರೆ ಹೀಗೆ ಕೇಳುವುದರಲ್ಲಿ ಸಂಕೋಚ ಬೇಡ.

ವಿಮಾನ ತಡವಾದರೂ ಹಕ್ಕುಗಳಿವೆ. ನಮ್ಮದರಂತೆ ಎರಡೂವರೆಯಿಂದ ಐದು ಗಂಟೆಯ ಹಾರಾಟಕ್ಕೆ ಮೂರು ಗಂಟೆಗಿಂತ ಜಾಸ್ತಿ ತಡವಾದರೆ ಊಟ ತಿಂಡಿ ಕೊಡಬೇಕು. ಆರು ಗಂಟೆ ದಾಟಿದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ವಾಪಸು. ಮಾವನಂಥವರಿಗೆ ಇದು ಗೊತ್ತಿರಬೇಕು.

ಮನೆಯಲ್ಲಿ ಕೊಕ್ಕೆಯ ತಕ್ಕಡಿಯಲ್ಲಿ ಬ್ಯಾಗ್ ತೂಗಿದೆವು. ಕೌಂಟರಿನಲ್ಲಿ ಎಲ್ಲರದ್ದೂ ಒಟ್ಟಿಗೆ ನೋಡಿದರು, ಹೆಚ್ಚಾದರೆ ಕಿಲೋಗೆ 500 ರೂಪಾಯಿ ದಾಟುತ್ತದೆ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕೈಚೀಲದಲ್ಲಿ ಹೋದವು, ಯಾರೂ ತಡೆಯಲಿಲ್ಲ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಹಿಂದಿನ ರಾತ್ರಿ ಯಲಹಂಕದ ನಾದಿನಿ ಮನೆಯಲ್ಲಿ ಮಲಗಿ, ಬೆಳಿಗ್ಗೆ ಇಡ್ಲಿ ತಿಂದು ಹೊರಟೆವು. ವಿಮಾನ ನಲವತ್ತು ನಿಮಿಷ ತಡ. ಎರಡು ಗಂಟೆಗೆ ಇಳಿದೆವು. ಮಾವ ಸೀಟಿನಲ್ಲೇ ಒಂದು ಗಂಟೆಗೆ ಸರಿಯಾಗಿ ಚಪಾತಿ ತಿಂದು ಮಾತ್ರೆ ನುಂಗಿದ್ದರು. ಕರ್ಸಿಯಾಂಗ್ ದಾಟಿ ಘುಮ್ ಹತ್ತಿರ ಬರುವಾಗ ರಸ್ತೆಯ ಪಕ್ಕದಲ್ಲೇ ಪುಟ್ಟ ರೈಲು ಹೊಗೆ ಬಿಡುತ್ತ ಹೋಗುತ್ತಿತ್ತು. ಮಗ ಕಿಟಕಿಗೆ ಅಂಟಿಕೊಂಡ. ಕೋಣೆ ಸೇರಿದಾಗ ಆರಕ್ಕೆ ಐದು ನಿಮಿಷ ಇತ್ತು. ಅತ್ತೆ ಕೋಲು ಗೋಡೆಗೆ ಒರಗಿಸಿ, ಕಿಟಕಿ ತೆಗೆದು, "ಇನ್ನೂ ಬೆಳಕಿದೆ ಕಣಮ್ಮ" ಅಂದರು.